ಚನ್ನಬಸವಣ್ಣನ ಮಿರ್ಚಿ ಸೂಚ್ಯಂಕ

ಓದು ಮನುಷ್ಯನನ್ನು ಕೆಡಿಸುತ್ತದೆ ಎಂದು ಹಿರಿಯರು ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ಹೇಳಿಲ್ಲವೆಂದರೆ ಅವರು ಗದಗಿಗೆ ಅಂಟಿಕೊಂಡ ಬೆಟಗೇರಿಯ ಪಾತ್ರೆ-ಭಾಂಡೆ ಅಂಗಡಿ ಚನ್ನಬಸವಣ್ಣನನ್ನು ನೋಡಿರಲಿಕ್ಕಿಲ್ಲ. ಪೂರ್ತಿ ಓದಿಗಿಂತ ಅರ್ಧ ಓದು ಇನ್ನೂ ಕೆಟ್ಟದ್ದು. ಚನ್ನಬಸವಣ್ಣ ಓದಿದ್ದು ಅಳತೆಗೆ ಸರಿಯಾಗಿ ಅರ್ಧ. ಮಗಳು ಸ್ನೇಹಾಳ ಮದುವೆ ಮುರಿದುಬೀಳುವ ಅಂಚಿಗೆ ಹೋದದ್ದು ಆ ಅರ್ಧದಿಂದಲೇ.

ಅವನು ದಿನಾಲು ಸಂಜೆ ಅಂಗಡಿಯ ಎದುರಿಗಿದ್ದ ಲಕ್ಕಪ್ಪನ ಗಾಡಿಯಲ್ಲಿ ಮಿರ್ಚಿ ತಿನ್ನುತ್ತಿದ್ದ. ನಮ್ಮ ಕಡೆ ಮಿರ್ಚಿ ಎಂದರೆ ಬರೀ ಮೆಣಸಿನಕಾಯಿ ಅಲ್ಲ. ಕಡಲೆಹಿಟ್ಟಿನ ಅಂಗಿ ತೊಟ್ಟು, ಎಣ್ಣೆಯಲ್ಲಿ ಮಿಂದು, ಸಂಜೆಯಾದರೆ ಊರನ್ನೆಲ್ಲ ಬೀದಿಗೆ ಎಳೆಯುವ ಭಜಿ. ಲಕ್ಕಪ್ಪ ಹಳೆಯ ಪೇಪರಿನ ಹಾಳೆಯನ್ನು ಎರಡಾಗಿ ಹರಿದು ಅದರಲ್ಲಿ ಮಿರ್ಚಿ ಇಟ್ಟು ಕೊಡುತ್ತಿದ್ದ. ತಿಂದಾದ ಮೇಲೆ ಕೈಯಲ್ಲಿ ಉಳಿದ ಹಾಳೆಯನ್ನು ಓದಿಯೇ ಎಸೆಯುವುದು ಚನ್ನಬಸವಣ್ಣನ ರೂಢಿ. ಅವನ ಲೋಕಜ್ಞಾನವೆಲ್ಲ ಬಂದದ್ದು ಹೀಗೆ. ಆದ್ದರಿಂದ ಅದಕ್ಕೆ ಸ್ವಲ್ಪ ಜಿಡ್ಡಿತ್ತು, ಮತ್ತು ಅವನಿಗೆ ಗೊತ್ತಿದ್ದ ಯಾವ ವಿಷಯಕ್ಕೂ ಕೊನೆ ಇರಲಿಲ್ಲ.

ಆ ದಿನದ ಹಾಳೆಯಲ್ಲಿ ಊರೂರಿನ, ದೇಶದೇಶದ ಬೆಲೆಗಳನ್ನು ಹೋಲಿಸುವುದು ಹೇಗೆ ಎಂಬ ಲೇಖನವಿತ್ತು. ಎಲ್ಲ ಕಡೆ ಸಿಗುವ ಒಂದೇ ಪದಾರ್ಥವನ್ನು ಹಿಡಿಯಬೇಕು. ಗಿರಾಕಿ ತನ್ನ ಜೇಬಿನಿಂದ ನಿಜವಾಗಿ ಕೊಟ್ಟ ಬೆಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಊರಿನ ಬೆಲೆಯನ್ನು ನೂರು ಎಂದು ಇಟ್ಟುಕೊಂಡು ಉಳಿದ ಊರುಗಳನ್ನು ಅದಕ್ಕೆ ಹಚ್ಚಿ ನೋಡಬೇಕು. ಇದಕ್ಕೆ ಬೆಲೆ ಸೂಚ್ಯಂಕ ಎಂದು ಹೆಸರು. "ಆದರೆ ಹೀಗೆ ಹೋಲಿಸುವಾಗ ಬಹಳ ಮುಖ್ಯವಾದ ಒಂದು ಎಚ್ಚರಿಕೆ" ಎಂಬಲ್ಲಿಗೆ ಲಕ್ಕಪ್ಪ ಹಾಳೆ ಹರಿದಿದ್ದ. ಎಚ್ಚರಿಕೆ ಬೇರೆ ಯಾರದೋ ಮಿರ್ಚಿಯ ಜೊತೆ ಹೋಗಿತ್ತು. ಎಚ್ಚರಿಕೆ ಎಂಬುದು ಎಲ್ಲ ಲೇಖನದಲ್ಲೂ ಒಂದೇ ಇರುತ್ತದೆ, ಓದದಿದ್ದರೂ ನಡೆಯುತ್ತದೆ ಎಂದುಕೊಂಡು ಚನ್ನಬಸವಣ್ಣ ಅದೇ ಹಾಳೆಗೆ ಕೈ ಒರೆಸಿದ.

ಮರುದಿನ ಲಕ್ಷ್ಮೇಶ್ವರದಿಂದ ಆಗಬೇಕಾದ ಬೀಗರು ಮಾತು ಮುಗಿಸಲು ಬಂದರು. ಹುಡುಗ ವೀರು, ಅವನ ತಂದೆ ಶೇಂಗಾ ವ್ಯಾಪಾರಿ ಕಳಕಪ್ಪ, ಮತ್ತು ಮಸ್ಕತ್‌ನಲ್ಲಿ ನೌಕರಿ ಮಾಡುತ್ತ ರಜೆಗೆ ಬಂದಿದ್ದ ಹುಡುಗನ ಸೋದರಮಾವ ಕೊಟ್ರೇಶ. ಈ ಕಡೆಯಿಂದ ಚನ್ನಬಸವಣ್ಣ, ಅವನ ಹೆಂಡತಿ ನೀಲಗಂಗವ್ವ, ಮತ್ತು ಅವಳ ತಮ್ಮ ಮುಂಡರಗಿಯ ಅಂದಾನೆಪ್ಪ. ಈ ಅಂದಾನೆಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಬಾಯಿ ತೆರೆಯುವ ಮೊದಲೇ ಜೇಬಿಗೆ ಕೈ ಹಾಕುವ ಮನುಷ್ಯ. ಮುಂಡರಗಿಗೆ ಬಂದ ಯಾರಿಗೂ ಅವನು ಚಹಾದ ದುಡ್ಡು ಕೊಡಗೊಟ್ಟವನಲ್ಲ. ಜೇಬಿನಿಂದ ಹೊರಬರುತ್ತಿದ್ದುದು ಹತ್ತಿಪ್ಪತ್ತು ರೂಪಾಯಿಯೇ ಆದರೂ ಅದರ ಸದ್ದು ಮಾತ್ರ ಸಾವಿರದ್ದು.

ಹುಡುಗ ಹುಡುಗಿಗೆ ಒಪ್ಪಿಗೆಯಾಗಿ ಆಗಲೇ ಬಹಳ ದಿನವಾಗಿತ್ತು. ಹಿರಿಯರು ಮೊಬೈಲ್ ನಂಬರ್ ಕೊಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರಿಬ್ಬರ ಚಾರ್ಜು ಎರಡು ಸಲ ಮುಗಿದಿತ್ತು. ಉಪ್ಪಿಟ್ಟು, ಶಿರಾ ತಿಂದಾಯಿತು. ಉಳಿದದ್ದು ಒಂದೇ ಪ್ರಶ್ನೆ: ಮದುವೆ ಎಲ್ಲಿ? ಯಾರ ಊರಲ್ಲಿ ಮದುವೆಯೋ ಖರ್ಚು ಅವರದು ಎಂದು ಮಾತಾಗಿತ್ತು. ಹಾಗಾಗಿ ಎರಡೂ ಕಡೆಯವರಿಗೆ ಒಮ್ಮೆಲೇ ಪರವೂರಿನ ಮೇಲೆ ಪ್ರೀತಿ ಉಕ್ಕಿತು. ಗದಗಿನಲ್ಲಿ ಎಲ್ಲವೂ ಸೋವಿ, ಅಗ್ಗ ಎಂದು ಕಳಕಪ್ಪ ಹೊಗಳಿದ. ಲಕ್ಷ್ಮೇಶ್ವರದ ಮುಂದೆ ಗದಗು ಏನೂ ಅಲ್ಲ, ಅಲ್ಲಿ ಪುಕ್ಕಟೆ ಕೊಟ್ಟಂತೆ ಕೊಡುತ್ತಾರೆ ಎಂದು ಚನ್ನಬಸವಣ್ಣ ಹೊಗಳಿದ. ನಡುವೆ ಕೊಟ್ರೇಶ ಬಾಯಿ ಹಾಕಿ, ತುಟ್ಟಿ ಎಂದರೆ ಮಸ್ಕತ್ತು, ಅಲ್ಲಿ ಒಂದು ಪ್ಲೇಟು ಮಿರ್ಚಿಗೆ ಮುನ್ನೂರು ರೂಪಾಯಿ ಎಂದ.

ಚನ್ನಬಸವಣ್ಣ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿದವನಂತೆ ಗಂಟಲು ಸರಿಮಾಡಿಕೊಂಡ.

"ಹಂಗ ಬಾಯಿಗೆ ಬಂದಂಗ ಹೋಲಸಾಕ ಬರಂಗಿಲ್ರಿ. ಅದಕ್ಕ ಸೂಚ್ಯಂಕ ಅಂತ ಇರತೈತಿ. ಒಂದ ಪದಾರ್ಥ ಹಿಡೀಬೇಕು, ಊರೂರು ಅಡ್ಡ್ಯಾಡಬೇಕು, ಖುದ್ದ ರೊಕ್ಕ ಕೊಟ್ಟ ನೋಡಬೇಕು. ಆಮ್ಯಾಲೆ ಹೇಳಬೇಕು ತುಟ್ಟಿ ಯಾವ್ದು, ಸೋವಿ ಯಾವ್ದು ಅಂತ."

ಕಳಕಪ್ಪ ವ್ಯಾಪಾರಸ್ಥ, ತನಗೆ ತಿಳಿಯದ್ದಕ್ಕೆ ಅವನಿಗೆ ಬಹಳ ಗೌರವ. ಹಾಗಿದ್ದರೆ ನೀವೇ ನೋಡಿ ಹೇಳಿರಿ ಎಂದ. ಶಾಸ್ತ್ರವೆಂದ ಮೇಲೆ ಎರಡೇ ಊರು ಸಾಲವು ಎಂದು ಚನ್ನಬಸವಣ್ಣ ದಾರಿಯಲ್ಲಿದ್ದ ಶಿರಹಟ್ಟಿಯನ್ನೂ ಹೆಂಡತಿಯ ತವರಾದ ಮುಂಡರಗಿಯನ್ನೂ ಸೇರಿಸಿಕೊಂಡ. ಹಿಡಿಯುವ ಪದಾರ್ಥ ಮಿರ್ಚಿ ಎಂದು ತೀರ್ಮಾನವಾಯಿತು. ಸೂಚ್ಯಂಕ ಯಾವ ಊರನ್ನು ಸೋವಿ ಎನ್ನುತ್ತದೋ ಅಲ್ಲಿ ಮದುವೆ, ಬರುವ ಸೋಮವಾರ ಬಂದು ತಾಂಬೂಲ ಬದಲಾಯಿಸುತ್ತೇವೆ ಎಂದು ಕಳಕಪ್ಪ ಎದ್ದ. ಒಳಗೆ ನೀಲಗಂಗವ್ವ ಹಣೆ ಹಣೆ ಬಡಿದುಕೊಂಡಳು. ಸ್ನೇಹಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪಾ, ನನ್ನ ಲಗ್ನ ಮಿರ್ಚಿ ಮ್ಯಾಲೆ ನಿಂದ್ರಸಬ್ಯಾಡ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಗದಗಿನ ಬೆಲೆ ಗೊತ್ತೇ ಇತ್ತು. ಲಕ್ಕಪ್ಪನಲ್ಲಿ ಪ್ಲೇಟಿಗೆ ಇಪ್ಪತ್ತು. ಅದನ್ನು ನೂರು ಎಂದು ಇಟ್ಟುಕೊಂಡು ಚನ್ನಬಸವಣ್ಣ ಮರುದಿನ ಶಿರಹಟ್ಟಿಯ ಬಸ್ಸು ಹತ್ತಿದ.

ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಹತ್ತಿರ ದಸ್ತಗೀರಸಾಬನ ಹೋಟೆಲು. ಚನ್ನಬಸವಣ್ಣ ಗಂಭೀರವಾಗಿ ಕುಳಿತು, ಗಂಭೀರವಾಗಿ ಒಂದು ಪ್ಲೇಟು ತಿಂದು, ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಗೋಡೆಯ ಮೇಲಿನ ಡಬ್ಬಿ "ಇಪ್ಪತ್ತು ರೂಪಾಯಿ ಬಂದಿದೆ" ಎಂದು ಹೆಣ್ಣುದನಿಯಲ್ಲಿ ಸಾರಿತು. ಮೂಲೆಯ ಬೆಂಚಿನಲ್ಲಿ ಹೊನ್ನೇಶ ಮೊಬೈಲು ಹಿಡಿದು ನಗುತ್ತಿದ್ದ. ಹಿಂದಿನ ವರ್ಷ ತಂಗಿಯ ಮದುವೆಗೆ ಚನ್ನಬಸವಣ್ಣನ ಅಂಗಡಿಯಲ್ಲೇ ಭಾಂಡೆ ಒಯ್ದಿದ್ದ ಹುಡುಗ ಅವನು.

ನಮ್ಮ ಸೀಮೆಯಲ್ಲಿ ಇದೊಂದು ಕಟ್ಟಳೆ. ತಮ್ಮ ಊರಿಗೆ ಬಂದ ಪರಿಚಯದವರು ತಿಂದದ್ದಕ್ಕೆ ತಮ್ಮದೇ ಜೇಬಿನಿಂದ ದುಡ್ಡು ಕೊಟ್ಟರೆ ಅದು ಊರಿಗೇ ಅವಮಾನ. ಬೇರೆ ಕಡೆ ಬಿಲ್ಲು ಬಂದಾಗ ಜನ ಮುಖ ತಿರುಗಿಸುತ್ತಾರಂತೆ. ಇಲ್ಲಿ ಕುಸ್ತಿ ಹಿಡಿಯುತ್ತಾರೆ. ಚನ್ನಬಸವಣ್ಣ ಇಪ್ಪತ್ತರ ನೋಟನ್ನು ಹೊನ್ನೇಶನ ಜೇಬಿಗೆ ತುರುಕಿದ, ಹೊನ್ನೇಶ ತೆಗೆದು ಇವನ ಅಂಗಿಯೊಳಗೆ ಹಾಕಿದ. ಇವನು ಮತ್ತೆ ತುರುಕಿದ. ಒಂದು ಗುಂಡಿ ಕಿತ್ತುಬಂತು, ನೋಟು ಎರಡು ತುಂಡಾಯಿತು. ಕಡೆಗೆ ದಸ್ತಗೀರಸಾಬ ಭಜಿ ತೆಗೆಯುವ ಝಾರಿ ಕೆಳಗಿಟ್ಟು ನ್ಯಾಯ ಹೇಳಿದ.

"ಬಿಡ್ರಿ ಅಣ್ಣಾರ. ಅವನ ಊರು, ಅವನ ಹಕ್ಕು. ನೀವು ಗದಗಿನ್ಯಾಗ ಕೊಡೀವಂತ್ರಿ."

ಜೇಬಿನಿಂದ ನಿಜವಾಗಿ ಕೊಟ್ಟ ಬೆಲೆ ಎಂದು ಶಾಸ್ತ್ರ ಹೇಳಿತ್ತು. ಚನ್ನಬಸವಣ್ಣ ಪ್ರಾಮಾಣಿಕ. ಹರಿದ ನೋಟು ಖರ್ಚಿಗೆ ಬರುತ್ತದೋ ಇಲ್ಲವೋ ಎಂದು ಬಸ್ಸಿನಲ್ಲಿ ಬಹಳ ಯೋಚಿಸಿ, ಬರುವುದಿಲ್ಲ ಎಂದು ನಿರ್ಧರಿಸಿದ. ಶಿರಹಟ್ಟಿ ಸೊನ್ನೆ.

ಲಕ್ಷ್ಮೇಶ್ವರದಲ್ಲಿ ಅವನು ಹುಷಾರಾದ. ಬೀಗರ ಊರು, ಗುರುತು ಸಿಕ್ಕರೆ ಅಲ್ಲೂ ಯಾರಾದರೂ ದುಡ್ಡು ಕೊಟ್ಟು ಶಾಸ್ತ್ರ ಕೆಡಿಸಿಯಾರು. ಬಸ್ಸು ಇಳಿಯುವ ಮುಂಚೆಯೇ ಟಾವೆಲಿನಿಂದ ಕಣ್ಣಷ್ಟೇ ಕಾಣುವಂತೆ ಮುಖ ಕಟ್ಟಿಕೊಂಡ. ಮಟಮಟ ಮಧ್ಯಾಹ್ನ ಹಾಗೆ ಮುಖ ಕಟ್ಟಿಕೊಂಡವನನ್ನು ಯಾರೂ ನೋಡದೆ ಇರಲಿ ಎಂದರೆ ಹೇಗೆ? ಇಡೀ ಬಜಾರೇ ತಿರುಗಿ ನೋಡಿತು. ದಿಲಶಾದಬಿಯ ಗಾಡಿಯ ಮುಂದೆ ನಿಂತು ಅವನು ದನಿ ಬದಲಿಸಿ ಒಂದು ಪ್ಲೇಟು ಕೇಳಿದ. ದನಿಯನ್ನೇನೋ ಬದಲಿಸಬಹುದು, ಆದರೆ ಟಾವೆಲು ಸರಿಸದೆ ಮಿರ್ಚಿ ಬಾಯಿಗೆ ಹೋಗುವುದಿಲ್ಲ. ಸರಿಸಿದ. ಅವನು ತುತ್ತು ನುಂಗುವ ಮೊದಲೇ ದಿಲಶಾದಬಿಗೆ ಗುರುತು ಸಿಕ್ಕಿತು. ಕಳಕಪ್ಪನ ಹೆಂಡತಿ ಹುಡುಗಿಯ ಮನೆಯವರ ಫೋಟೋವನ್ನು ಓಣಿಯ ಎಲ್ಲರ ಮೊಬೈಲಿಗೂ ಕಳಿಸಿ ಆಗಲೇ ಎರಡು ದಿನವಾಗಿತ್ತು.

"ಟಾವೆಲ್ ಕಟ್ಟಿದ್ರ ಮೂಗ ಬದಲಾಕ್ಕೈತೇನ್ರಿ ಅಣ್ಣಾರ? ಹುಡುಗಿ ಮೂಗ ಥೇಟ್ ನಿಮ್ದ ಐತಿ. ಕಳಕಪ್ಪಣ್ಣಾರ ಬೀಗರ ಕಡಿಂದ ರೊಕ್ಕ ಇಸಗೊಂಡ್ರ ನಾ ಈ ಊರಾಗ ಗಾಡಿ ಹಚ್ಚಬೇಕೋ ಬ್ಯಾಡೋ?"

ಚನ್ನಬಸವಣ್ಣ ಕಳ್ಳನಂತೆ ಮೊಬೈಲು ತೆಗೆದು ಗಾಡಿಗೆ ಅಂಟಿಸಿದ್ದ ಸ್ಕ್ಯಾನಿನ ಚೀಟಿಗೆ ಹಿಡಿಯಲು ಹೋದ. ದಿಲಶಾದಬಿ ಅದರ ಮೇಲೆ ಚಟ್ನಿಯ ಪಾತೇಲಿ ಇಟ್ಟಳು. ಅವನು ಮುಂದಿನ ಅಂಗಡಿಗೆ ಓಡಿದ. ಅವನ ಕಾಲಿಗಿಂತ ಅವಳ ಫೋನು ಚುರುಕಾಗಿತ್ತು. ಎರಡನೆಯ ಅಂಗಡಿಯಲ್ಲಿ ಪ್ಲೇಟು ಸಿದ್ಧವಾಗಿತ್ತು, ದುಡ್ಡು ಬೇಡವೆಂಬ ಮಾತೂ ಸಿದ್ಧವಾಗಿತ್ತು. ಮೂರನೆಯದರಲ್ಲೂ ಅದೇ ಕಥೆ. ನಾಲ್ಕನೆಯವನು, ಅವರ ಅಂಗಡಿಯಲ್ಲಿ ತಿಂದಿದ್ದೀರಿ, ನಮ್ಮಲ್ಲಿ ತಿನ್ನದೆ ಹೋದರೆ ನಮ್ಮದೇನು ಕಡಿಮೆ ಎಂದು ರಸ್ತೆಗೆ ಅಡ್ಡ ನಿಂತ. ಐದನೆಯ ಕಡೆ ಚನ್ನಬಸವಣ್ಣ ಕೈಮುಗಿದು, ದಯವಿಟ್ಟು ನನ್ನಿಂದ ಒಂದು ರೂಪಾಯಿಯಾದರೂ ತೆಗೆದುಕೊಳ್ಳಿ ಎಂದು ಬೇಡಿಕೊಂಡ. ಅವರು ಕನಿಕರದಿಂದ ಇನ್ನೆರಡು ಮಿರ್ಚಿ ಹಾಕಿದರು. ಬಸ್ಸು ಹತ್ತುವಾಗ ಅವನ ಹೊಟ್ಟೆ ನಗಾರಿಯಾಗಿತ್ತು. ಲಕ್ಷ್ಮೇಶ್ವರ ಐದು ಸೊನ್ನೆ, ಕೂಡಿಸಿದರೂ ಸೊನ್ನೆ.

ಈಗ ಆ ಖಬರು ಕಳಕಪ್ಪನ ಮನೆಗೆ ಹೋದ ಬಗೆಯನ್ನು ಸ್ವಲ್ಪ ನೋಡೋಣ. ಗಾಡಿಯಿಂದ ಹೊರಟಾಗ ಅದು, ಬೀಗರು ಬಂದಿದ್ದರು, ಪ್ರೀತಿಯಿಂದ ಒಂದು ಪ್ಲೇಟು ಕೊಟ್ಟೆವು ಎಂದಿತ್ತು. ಬಜಾರು ದಾಟುವಾಗ, ಬೀಗರು ಐದು ಕಡೆ ಪುಕ್ಕಟೆ ತಿಂದರು ಎಂದಾಯಿತು. ಓಣಿಯ ತಿರುವಿನಲ್ಲಿ ಅದಕ್ಕೆ ಟಾವೆಲು ಸೇರಿತು. ಕಳಕಪ್ಪನ ಹೊಸ್ತಿಲು ಹತ್ತುವ ಹೊತ್ತಿಗೆ, ಪಾಪ, ಮರ್ಯಾದಸ್ಥರು, ಮನೆಯಲ್ಲಿ ಒಲೆ ಹೊತ್ತದೆ ಎಷ್ಟು ದಿನವಾಯಿತೋ, ಕೈಮುಗಿದು ಮುಖ ಮುಚ್ಚಿಕೊಂಡು ತಿನ್ನುತ್ತಿದ್ದರು ಎಂದು ಪೂರ್ತಿ ಬೆಳೆದು ನಿಂತಿತ್ತು. ಕಳಕಪ್ಪನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಳಕಪ್ಪ ಅಂದು ರಾತ್ರಿ ಊಟ ಬಿಟ್ಟ. ಒಳ್ಳೆಯ ಜನ ಅವರು. ಇಷ್ಟೆಲ್ಲ ಅನರ್ಥವಾದದ್ದು ಅದರಿಂದಲೇ.

ಇತ್ತ ಬೆಟಗೇರಿಯಲ್ಲಿ ಚನ್ನಬಸವಣ್ಣ ತನ್ನ ಫಲಿತಾಂಶವನ್ನು ಮೊದಲು ಹೇಳಿದ್ದು ಲಕ್ಕಪ್ಪನಿಗೆ. ಗದಗು ನೂರು, ಶಿರಹಟ್ಟಿ ಸೊನ್ನೆ, ಲಕ್ಷ್ಮೇಶ್ವರ ಸೊನ್ನೆ. ಲಕ್ಕಪ್ಪ ಕೇಳಿದ್ದೇ ತಡ, ನಮ್ಮ ಗಾಡಿಗೆ ನೂರಕ್ಕೆ ನೂರು ಬಿದ್ದಿದೆ, ಉಳಿದವರೆಲ್ಲ ನಾಪಾಸು ಎಂದು ಓಣಿಗೆಲ್ಲ ಸಾರಿ, ಬಂದವರಿಗೆಲ್ಲ ಒಂದೊಂದು ಬದನೆಕಾಯಿ ಭಜಿ ಹೆಚ್ಚಿಗೆ ಕೊಟ್ಟ. ನೂರು ಎಂದರೆ ಹೆಚ್ಚು ತುಟ್ಟಿ ಎಂದು ಅರ್ಥ ಎಂದು ಚನ್ನಬಸವಣ್ಣ ವಿವರಿಸುವಷ್ಟರಲ್ಲಿ ಒಂದು ಬುಟ್ಟಿ ಖಾಲಿಯಾಗಿತ್ತು. ಲಕ್ಕಪ್ಪನ ಮುಖ ಎಣ್ಣೆ ಆರಿದ ಬಾಣಲೆಯಂತಾಯಿತು.

"ಸಾವ್ಕಾರ್ರ, ನನ್ನ ಮಿರ್ಚಿ ಗೇಣುದ್ದ ಐತಿ. ಅವ್ರದು ಕಿರಿಬೆರಳಿನಷ್ಟ ಇರತೈತಿ. ನೀವು ಹುಟ್ಟಿದಾಗಿಂದ ಭಾಂಡೆ ತೂಗಿ ಮಾರವ್ರು. ಒಂದ್ಸಲ ಮಿರ್ಚಿ ತೂಗಿ ನೋಡೂನು ಅನಸಲಿಲ್ಲೇನು?"

ಇದು ಚನ್ನಬಸವಣ್ಣನ ಎದೆಗೆ ನಾಟಿತು. ಹರಿದುಹೋದ ಅರ್ಧದಲ್ಲಿದ್ದ ಎಚ್ಚರಿಕೆ ಇದೇ ಇರಬೇಕು ಎಂದು ಅವನಿಗೆ ಖಾತ್ರಿಯಾಯಿತು. ಮರುದಿನ ಅವನು ಅಂಗಡಿಯ ಸಣ್ಣ ಇಲೆಕ್ಟ್ರಾನಿಕ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಮುಂಡರಗಿಗೆ ಹೊರಟ. ಯಾರೂ ಗುರುತು ಹಿಡಿಯಬಾರದೆಂದು ಈ ಸಲ ಟಾವೆಲಿನ ಬದಲು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಕನ್ನಡಕ. ಹೆಂಡತಿಯ ತವರುಮನೆಯ ಓಣಿಯ ಕಡೆ ತಲೆಯೂ ಹಾಕಲಿಲ್ಲ.

ಹನಮಪ್ಪನ ಭಜಿ ಅಂಗಡಿಯಲ್ಲಿ ಮಧ್ಯಾಹ್ನದ ಗದ್ದಲ. ಬಿಳಿ ಅಂಗಿಯ ಕಪ್ಪು ಕನ್ನಡಕದ ಮನುಷ್ಯನೊಬ್ಬ ಬಂದು ಕುಳಿತು, ಮಿರ್ಚಿ ತರಿಸಿ, ತಿನ್ನದೆ, ಚೀಲದಿಂದ ತಕ್ಕಡಿ ತೆಗೆದು ಒಂದೊಂದನ್ನೇ ಇಟ್ಟು ತೂಗತೊಡಗಿದ. ಮೊದಲು ಆ ಬೆಂಚು ಸುಮ್ಮನಾಯಿತು, ಆಮೇಲೆ ಇಡೀ ಅಂಗಡಿ ಸುಮ್ಮನಾಯಿತು. ಯಾರೋ ಮೆಲ್ಲಗೆ, ತೂಕ ಅಳತೆಯ ಸಾಹೇಬರು ಎಂದರು. ಅಷ್ಟು ಸಾಕಾಯಿತು.

ಹನಮಪ್ಪ ಪ್ಲೇಟು ಕಸಿದುಕೊಂಡು, ಅದು ನಿನ್ನೆಯ ಹಿಟ್ಟು ಸರ್ ಎಂದು ಸುಳ್ಳು ಹೇಳಿ, ಅಂಗೈಯಷ್ಟು ದಪ್ಪದ ಹೊಸ ಮಿರ್ಚಿ ತಂದಿಟ್ಟ. ಪಕ್ಕದ ಕಿರಾಣಿ ಅಂಗಡಿಯ ಶಟರು ಅರ್ಧ ಇಳಿಯಿತು. ಆಚೆಯ ಓಣಿಯಲ್ಲಿ ಉಳ್ಳಾಗಡ್ಡಿ ಮಾರುವವರು ತಕ್ಕಡಿಯ ಕೆಳಗೆ ಏನೋ ತೆಗೆದು ಗಟಾರಿಗೆ ಎಸೆದರು. ಇನ್ನು ಕೆಲವರು ಹೆದರಿ ಕಿಲೋಕ್ಕೆ ಒಂದೂವರೆ ಕಿಲೋ ತೂಗತೊಡಗಿದರು. ಖಬರು ಸಿಕ್ಕ ಹೆಂಗಸರು ಚೀಲ ಹಿಡಿದು ಓಡಿಬಂದರು. ಬೆಲೆಯನ್ನು ಅಳೆಯಲು ಬಂದವನಿಂದಲೇ ಒಂದು ಊರಿನ ಬೆಲೆ ನೆಲಕ್ಕೆ ಬಿದ್ದದ್ದು ಬಹುಶಃ ಜಗತ್ತಿನಲ್ಲಿ ಇದೇ ಮೊದಲು. ಚನ್ನಬಸವಣ್ಣನಿಗೆ ಇದಾವುದೂ ಗೊತ್ತಿಲ್ಲ. ಅವನು ಚಟ್ನಿ ಹತ್ತಿದ ಮಿರ್ಚಿಯನ್ನು ಒರೆಸಿ ತೂಗಬೇಕೋ ಹಾಗೇ ತೂಗಬೇಕೋ ಎಂಬ ಚಿಂತೆಯಲ್ಲಿದ್ದ.

ಆಗ ಗುಂಪು ಸೀಳಿಕೊಂಡು ಅಂದಾನೆಪ್ಪ ಬಂದ. ಸಾಹೇಬರಿಗೆ ಚಹಾ ಕುಡಿಸಿ ಪರಿಚಯ ಮಾಡಿಕೊಳ್ಳುವ ಆಸೆ ಅವನಿಗೆ. ಹತ್ತಿರ ಬಂದು ಕನ್ನಡಕದ ಕೆಳಗಿನ ಮೂಗು ನೋಡಿದ.

"ಮಾಮಾರ, ನೀವೇನ್ರಿ? ಭಾಂಡೆ ಅಂಗಡಿ ಬಿಟ್ಟು ಸರ್ಕಾರಿ ನೌಕರಿ ಯಾವಾಗ ಹಿಡಿದ್ರಿ?"

ಭಾಂಡೆ ಅಂಗಡಿ ಎಂಬ ಮಾತು ಗುಂಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಯಿತು. ಒಂದೂವರೆ ಕಿಲೋ ತೂಗಿದವರು ಮುಂದಕ್ಕೆ ಮುಂದಕ್ಕೆ ಬಂದರು. ಹನಮಪ್ಪ ಸೊಂಟಕ್ಕೆ ಕೈ ಕೊಟ್ಟು, ನನ್ನ ಮಧ್ಯಾಹ್ನದ ವ್ಯಾಪಾರವೆಲ್ಲ ಹಾಳಾಯಿತು, ಮೊದಲು ತರಿಸಿದ್ದಕ್ಕೂ ತೂಗಿದ್ದಕ್ಕೂ ಸೇರಿ ಐನೂರು ರೂಪಾಯಿ ಇಡಿ ಎಂದ. ಚನ್ನಬಸವಣ್ಣನ ಮುಖ ಅರಳಿತು. ಕೊನೆಗೂ ಒಬ್ಬ ಪುಣ್ಯಾತ್ಮ ತನ್ನಿಂದ ದುಡ್ಡು ಕೇಳಿದ್ದ. ಕಣ್ಣಲ್ಲಿ ನೀರು ತಂದುಕೊಂಡು ಅವನು ಐನೂರರ ನೋಟನ್ನು ಹೊರತೆಗೆದ. ಅಂದಾನೆಪ್ಪ ಆ ಕೈಯನ್ನು ಗಪ್ಪನೆ ಹಿಡಿದ.

"ನಮ್ಮೂರಿಗೆ ಬಂದು ಮಾಮಾರು ರೊಕ್ಕ ಕೊಡೂದಂದ್ರ? ನಾ ಇನ್ನೂ ಸತ್ತಿಲ್ಲ."

ಹನಮಪ್ಪನ ಡಬ್ಬಿ "ಐನೂರು ರೂಪಾಯಿ ಬಂದಿದೆ" ಎಂದಿತು. ಮುಂಡರಗಿ ಸೊನ್ನೆ. ಚನ್ನಬಸವಣ್ಣ ತಕ್ಕಡಿಯನ್ನು ಎದೆಗವಚಿಕೊಂಡು ಬಸ್ಸಿನ ಕಡೆ ನಡೆದ.

ಸೋಮವಾರ ಬಂತು. ತಾಂಬೂಲ ಬದಲಿಸಲು ಕಳಕಪ್ಪನ ಮನೆಯವರು ಕಾರಿನಲ್ಲಿ ಬಂದರು. ಕಾರಿನ ಹಿಂದೆ ಒಂದು ಟೆಂಪೊ ಬಂತು. ಟೆಂಪೊದಲ್ಲಿ ಜೋಳದ ಚೀಲ, ಶೇಂಗಾದ ಚೀಲ, ಬೆಲ್ಲದ ಪೆಂಟೆ, ಮೇಲೆ ಬಟ್ಟೆ ಮುಚ್ಚಿದ ಕಟಕರೊಟ್ಟಿಯ ದೊಡ್ಡ ಡಬ್ಬಿ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಏನಿದು ಎಂದು ನೀಲಗಂಗವ್ವ ಕೇಳಿದಳು. ಕಳಕಪ್ಪ ಓಣಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. ಶೇಂಗಾ ಹರಾಜಿನಲ್ಲಿ ಕೂಗಿ ಕೂಗಿ ಬೆಳೆದ ದನಿ ಅದು, ತಗ್ಗಿಸಿದರೆ ಮೂರು ಮನೆಗಷ್ಟೇ ಕೇಳುತ್ತಿತ್ತು.

"ಬೀಗರ, ನಾಚಬ್ಯಾಡ್ರಿ. ಮನ್ಯಾಗ ಅಡಚಣಿ ಇದ್ರ ನಮಗ ಒಂದು ಮಾತ ಹೇಳೂದಿಲ್ಲೇನು? ಮಾರಿಗೆ ಟಾವೆಲ್ ಕಟಗೊಂಡು ಐದು ಅಂಗಡಿ ತಿರಗಿ ಹೊಟ್ಟಿ ತುಂಬಿಸಿಕೊಳ್ಳೂ ಹಂತಾದ್ದು ನಮ್ಮ ಬೀಗರಿಗೆ ಬರಬಾರದಿತ್ತು."

ನೀಲಗಂಗವ್ವ ಮೊದಲು ಗಂಡನನ್ನು ನೋಡಿದಳು. ಆಮೇಲೆ ಟೆಂಪೊ ನೋಡಿದಳು. ಮದುವೆಯಾದಂದಿನಿಂದ ಒಂದು ದಿನವೂ ಬಂದವರಿಗೆ ಊಟ ಹಾಕದೆ ಕಳಿಸಿದವಳಲ್ಲ ಅವಳು. ಅವಳಿಗೆ ನಿಜಕ್ಕೂ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ನಾವೇನು ಕೂಳಿಗೆ ಗತಿ ಇಲ್ಲದವ್ರಂತ ತಿಳದೀರೇನ್ರಿ? ಟೆಂಪೊ ಹೊಳ್ಳಿಸಿಕೊಂಡು ಹೋಗ್ರಿ. ಈ ಜ್ವಾಳ ತಿಂದು ನನ್ನ ಮಗಳು ನಿಮ್ಮನಿಗೆ ಬರಬೇಕಾಗಿಲ್ಲ."

ಕಳಕಪ್ಪನಿಗೂ ಪೆಟ್ಟಾಯಿತು. ಪ್ರೀತಿಯಿಂದ ತಂದದ್ದನ್ನು ಹೊಳ್ಳಿಸು ಎಂದರೆ ಯಾರಿಗೆ ನೋವಾಗುವುದಿಲ್ಲ? ಅವನು ತಾಂಬೂಲದ ತಟ್ಟೆಯನ್ನು ಮತ್ತೆ ಕಾರಿನಲ್ಲಿ ಇಡಲು ಹೇಳಿದ. ವೀರು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತ. ಕಾಲು ಕಾರಿನ ಕಡೆ ಏಳಲಿಲ್ಲ. ಸ್ನೇಹಾಳ ಕಣ್ಣು ತುಂಬಿದ್ದವು. ಮಗಳ ಮುಖ ನೋಡಿದಾಗ ಮಾತ್ರ ಚನ್ನಬಸವಣ್ಣನಿಗೆ ತಾನು ಮಾಡಿದ್ದು ಏನೆಂದು ಮೊದಲ ಸಲ ಅರ್ಥವಾಯಿತು. ಅವನು ಕಟ್ಟೆಯ ಮೇಲೆ ಹತ್ತಿ ನಿಂತು ಎಲ್ಲವನ್ನೂ ಹೇಳಿದ. ಮಿರ್ಚಿಯ ಹಾಳೆ, ಹರಿದ ನೋಟು, ಚಟ್ನಿಯ ಪಾತೇಲಿ, ತಕ್ಕಡಿ, ಒಂದನ್ನೂ ಬಿಡಲಿಲ್ಲ. ಕಡೆಗೆ ಫಲಿತಾಂಶವನ್ನೂ ಹೇಳಿದ: ಗದಗು ನೂರು, ಉಳಿದ ಮೂರೂ ಸೊನ್ನೆ. ತಿರುಗಿದ್ದು ಹಸಿವಿಗಲ್ಲ, ಮಗಳ ಮದುವೆಗೆ ಎಂದ.

ಕೊಟ್ರೇಶ ಮೆಲ್ಲಗೆ, ಮಸ್ಕತ್ತು ಯಾಕೆ ತುಟ್ಟಿ ಎಂದು ನನಗೆ ಇವತ್ತು ಗೊತ್ತಾಯಿತು, ಅಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ ಎಂದ. ನಗು ಮೊದಲು ನೀಲಗಂಗವ್ವನಿಗೆ ಬಂತು, ಅದೂ ಅಳುತ್ತಲೇ. ಆಮೇಲೆ ಓಣಿಯೆಲ್ಲ ನಕ್ಕಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡೂ ಕಡೆ ಮರ್ಯಾದೆಗೆ ಗೀರು ಬಿದ್ದಿತ್ತಲ್ಲ, ಈಗ ಪ್ರಶ್ನೆ ಬುಡಮೇಲಾಯಿತು. ಮದುವೆ ಗದಗಿನಲ್ಲೇ ಆಗಬೇಕು, ಕೂಳಿಗೆ ಗತಿ ಇದೆಯೋ ಇಲ್ಲವೋ ಬೀಗರು ಬಂದು ನೋಡಲಿ ಎಂದು ನೀಲಗಂಗವ್ವ. ಇಲ್ಲ, ಲಕ್ಷ್ಮೇಶ್ವರದಲ್ಲೇ, ತಪ್ಪು ತಿಳಿದದ್ದು ನಾವು, ಖರ್ಚು ನಮ್ಮದೇ ಎಂದು ಕಳಕಪ್ಪ. ಅವರ ಊರು ಇವರಿಗೆ ಸೊನ್ನೆ, ಅವರು ಬಂದು ತಿಂದರೆ ಇವರ ಊರೂ ಅವರಿಗೆ ಸೊನ್ನೆ. ಸೂಚ್ಯಂಕದಿಂದ ಏನೂ ಬಗೆಹರಿಯಲಿಲ್ಲ. ಎಂಟು ದಿನದ ಹಿಂದೆ ತಪ್ಪಿಸಿಕೊಳ್ಳಲು ನೋಡಿದ ಖರ್ಚಿಗಾಗಿ ಇಬ್ಬರೂ ಅಂಗಿಯ ತೋಳು ಏರಿಸಿದರು. ಇವರ ಕೈ ಅವರು ಹಿಡಿದರು, ಅವರ ಕೈ ಇವರು ಹಿಡಿದರು. ತಾಂಬೂಲಕ್ಕೆಂದು ಮುಂಡರಗಿಯಿಂದ ಬಂದಿದ್ದ ಅಂದಾನೆಪ್ಪ ಒಬ್ಬನೇ ಆರಾಮಾಗಿ ಕುರ್ಚಿಯಲ್ಲಿ ಕುಳಿತು ಟೆಂಪೊದ ಡಬ್ಬಿಯ ರೊಟ್ಟಿ ಮುರಿದು ತಿನ್ನುತ್ತ ಕುಸ್ತಿ ನೋಡುತ್ತಿದ್ದ.

ಸ್ನೇಹಾ ಕಣ್ಣೊರೆಸಿಕೊಂಡು ಅವನ ಹತ್ತಿರ ಹೋಗಿ ನಿಂತಳು.

"ಮಾಮಾ, ಒಂದು ಮಾತ ಕೇಳ್ತೀನಿ. ಲಗ್ನ ಮುಂಡರಗ್ಯಾಗ ಇಟಗೊಂಡ್ರ ಅಪ್ಪಾನೋ ವೀರು ಅವ್ರ ಅಪ್ಪಾನೋ ಯಾರರ ರೊಕ್ಕ ಕೊಡಾಕ ಬರತೈತೇನು?"

ಅಂದಾನೆಪ್ಪನ ಬಾಯಲ್ಲಿ ರೊಟ್ಟಿ ಇತ್ತು, ಬುದ್ಧಿ ಕುಸ್ತಿಯ ಮೇಲಿತ್ತು. ನಾಲಿಗೆ ಮಾತ್ರ ಎಂದಿನಂತೆ ತನ್ನ ಕೆಲಸ ಮಾಡಿತು.

"ನಮ್ಮೂರಿಗೆ ಬಂದು ಇವ್ರು ರೊಕ್ಕ ಕೊಡೂದಂದ್ರ? ನಾ ಇನ್ನೂ ಸತ್ತಿಲ್ಲ."

ಕುಸ್ತಿ ನಿಂತಿತು. ಚನ್ನಬಸವಣ್ಣ, ಕಳಕಪ್ಪ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಾನೆಪ್ಪ ರೊಟ್ಟಿಯನ್ನು ಅಗಿಯುವುದನ್ನು ಬಿಟ್ಟು, ಹಿಂದಕ್ಕೆ ನೋಡಿದ. ಹಿಂದೆ ಗೋಡೆ ಇತ್ತು. ವೀರು ಓಡಿಬಂದು ತಾಂಬೂಲದ ತಟ್ಟೆಯನ್ನು ಅವನ ತೊಡೆಯ ಮೇಲೆಯೇ ಇಟ್ಟುಬಿಟ್ಟ. ಮದುವೆ ಮುಂಡರಗಿಯಲ್ಲೆಂದು ಅಲ್ಲೇ ನಿಶ್ಚಯವಾಯಿತು. ಟೆಂಪೊದ ಜೋಳ, ಶೇಂಗಾ, ಬೆಲ್ಲವೆಲ್ಲ ಇಳಿಯದೆಯೇ ನೆಟ್ಟಗೆ ಮುಂಡರಗಿಯ ಹಾದಿ ಹಿಡಿದವು.

ಖರ್ಚನ್ನು ಕಡೆಗೆ ಮೂರೂ ಮನೆಯವರು ಹಂಚಿಕೊಂಡರು ಎಂದು ಜನ ಹೇಳುತ್ತಾರೆ. ಹಂಚಿಕೊಳ್ಳುವಾಗ ಒಬ್ಬರ ಜೇಬಿಗೆ ಒಬ್ಬರು ತುರುಕುವ ಭರದಲ್ಲಿ ಮೂರು ಹೊಸ ಅಂಗಿ ಹರಿದವಂತೆ. ಮದುವೆಯಂದು ಮಿರ್ಚಿ ಕರಿದವನು ಹನಮಪ್ಪ. ಅವನ ಒಂದೇ ಷರತ್ತು, ಹುಡುಗಿಯ ತಂದೆ ಅಡುಗೆಮನೆಗೆ ಕಾಲಿಡಬಾರದು.

ಮದುವೆ ಮುಗಿಸಿ, ಮಗಳನ್ನು ಕಳಿಸಿಕೊಟ್ಟು ಬೆಟಗೇರಿಗೆ ಬಂದ ಮೊದಲ ಸಂಜೆ ಚನ್ನಬಸವಣ್ಣ ಲಕ್ಕಪ್ಪನ ಗಾಡಿಗೆ ಹೋದ. ಮನೆ ಖಾಲಿ ಖಾಲಿ ಅನಿಸುತ್ತಿತ್ತು, ಮಿರ್ಚಿ ತಿಂದರೆ ಸರಿಹೋದೀತೆಂದು ಹೋದ. ತಿಂದು ಇಪ್ಪತ್ತು ರೂಪಾಯಿ ಚಾಚಿದ. ಲಕ್ಕಪ್ಪ ಕೈ ಒಡ್ಡಲಿಲ್ಲ. ಇಪ್ಪತ್ತೈದು ಎಂದ.

"ಯಾಕೋ, ಒಮ್ಮಿಂದೊಮ್ಮೆಲೆ?"

"ನಾಲ್ಕೂ ಊರಾಗ ನನ್ನ ಗಾಡಿನ ತುಟ್ಟಿ ಅಂತ ಊರೆಲ್ಲಾ ಹೇಳೀರಿ ಸಾವ್ಕಾರ್ರ. ನಿಮ್ಮಂಥಾ ದೊಡ್ಡವ್ರ ಮಾತ ಸುಳ್ಳ ಆಗಬಾರದು."

ಚನ್ನಬಸವಣ್ಣ ಜೇಬಿಗೆ ಕೈ ಹಾಕಿದ. ಹಾಕಿದವನು ಸ್ವಲ್ಪ ಹೊತ್ತು ಹಾಗೇ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬೆಂಚಿನ ತುಂಬ ಪರಿಚಯದವರೇ ಕುಳಿತಿದ್ದರು. ಅವನ ಕೈ ಹಿಡಿಯಲು ಒಬ್ಬನೂ ಏಳಲಿಲ್ಲ. ಇದು ಅವನದೇ ಊರಾಗಿತ್ತು, ಆದ್ದರಿಂದ ಅವನೇ ಕೊಟ್ಟ.